ಮರದ ಹುಡಿಯನ್ನು ಮೆಷಿನಿನ ಬಾಯಲ್ಲೇ ಹಿಡಿಯೋಣ

ನನ್ನ ತರಗತಿಯಲ್ಲಿ ಎದುರು ಸಾಲಿನಲ್ಲಿ ಕೂರುವ ಒಬ್ಬ ಹುಡುಗನಿದ್ದಾನೆ. ಪಾಠ ಒಪ್ಪಿಸಲು ಶುರು ಮಾಡಿದರೆ ಎರಡು ಸಾಲಿಗೊಮ್ಮೆ ಕೆಮ್ಮು. ಮಳೆಗಾಲದ ಶೀತ ಇರಬಹುದು ಅಂತ ಸುಮ್ಮನಿದ್ದೆ. ಮಳೆ ಹೋಯಿತು, ಕೆಮ್ಮು ಹೋಗಲಿಲ್ಲ.

ಒಂದು ದಿನ ಅವನ ಮನೆಗೆ ಹೋದೆ. ಉಪ್ಪ ಬಡಗಿ. ಮನೆಗೆ ತಾಗಿಕೊಂಡೇ ಶೀಟು ಹಾಕಿದ ಶೆಡ್, ಅದರೊಳಗೆ ಕಟ್ಟಿಂಗ್ ಮೆಷಿನ್, ಪ್ಲೇನರ್, ಸ್ಯಾಂಡಿಂಗ್ ಮೆಷಿನ್. ಅಡುಗೆ ಮನೆಯ ಕಿಟಕಿ ಶೆಡ್ಡಿನ ಕಡೆಗೇ ತೆರೆಯುತ್ತದೆ. ಪಾತ್ರೆಯ ಮೇಲೂ ಒಣಗಲು ಹಾಕಿದ ಬಟ್ಟೆಯ ಮೇಲೂ ಹುಡಿ. "ದಿನಾ ಗುಡಿಸುತ್ತೇವೆ ಉಸ್ತಾದ್, ಇನ್ನೆಂತ ಮಾಡುವುದು?" ಅಂದರು.

ಗುಡಿಸಿದರೆ ಹೋಗುವುದು ಕಣ್ಣಿಗೆ ಕಾಣುವ ಹುಡಿ ಮಾತ್ರ. ಅದಕ್ಕಿಂತ ಅಪಾಯದ್ದು ಕಾಣದ ಹುಡಿ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಹುಡಿ ಗಾಳಿಯಲ್ಲಿ ತುಂಬಾ ಹೊತ್ತು ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪೊರಕೆ ಹಿಡಿದರೆ, ಬ್ಲೋವರ್ ಊದಿದರೆ ಅದು ಮತ್ತೆ ಮೇಲೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಮೂಗಿನ ಒಳಭಾಗಕ್ಕೆ ಅದರ ಅಪಾಯ ಹೆಚ್ಚು.

ಮಾಸ್ಕ್ ಹಾಕಿದರೆ ಸಾಲದೇ ಅಂತ ಕೇಳಬಹುದು. ಎನ್-95 ಮಾಸ್ಕ್ ಒಳ್ಳೆಯದೇ. ಆದರೆ ಅದು ಚರ್ಮಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ದವರಿಗೆ ಬದಿಯಿಂದ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ಗಡ್ಡ ಬಿಟ್ಟವರೇ ಜಾಸ್ತಿ ಅಲ್ವಾ? ಮೇಲಾಗಿ, ಮಾಸ್ಕ್ ಕೆಲಸಗಾರನ ಮುಖಕ್ಕೆ ಮಾತ್ರ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಇಲ್ಲ. ಹಾಗಾಗಿ ಹುಡಿಯನ್ನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು.

ಸಣ್ಣ ಶೆಡ್ಡಿಗೆ ಒಂದು ವ್ಯಾಕ್ಯೂಮ್ ಕ್ಲೀನರ್, ಗಟ್ಟಿ ಮುಚ್ಚಳದ ಒಂದು ಡ್ರಮ್, ಮುಚ್ಚಳದ ಮೇಲೆ ಕೂರಿಸುವ ಆಲಿಕೆ ಆಕಾರದ ಸೈಕ್ಲೋನ್ ಇದ್ದರೆ ಶುರು ಮಾಡಬಹುದು. ಮೆಷಿನಿನಿಂದ ಬಂದ ಗಾಳಿ ಸೈಕ್ಲೋನಿನ ಬದಿಯಿಂದ ಒಳಹೊಕ್ಕು ಸುಳಿಯಂತೆ ತಿರುಗುತ್ತದೆ. ಭಾರದ ಹುಡಿ ಗೋಡೆಗೆ ತಾಗಿ ಡ್ರಮ್ಮಿಗೆ ಬೀಳುತ್ತದೆ. ಗಾಳಿ ನಡುವಿನಿಂದ ಮೇಲೆದ್ದು ವ್ಯಾಕ್ಯೂಮಿಗೆ ಹೋಗುತ್ತದೆ. ಹೀಗಾದರೆ ಫಿಲ್ಟರ್ ಬೇಗ ಕಟ್ಟುವುದಿಲ್ಲ, ಎಳೆತವೂ ಕಡಿಮೆಯಾಗುವುದಿಲ್ಲ.

ಮುಚ್ಚಳದಲ್ಲಿ ಗಾಳಿ ಸೋರಿದರೆ ಹುಡಿ ಡ್ರಮ್ಮಿನಲ್ಲಿ ನಿಲ್ಲುವುದಿಲ್ಲ, ನೇರ ಫಿಲ್ಟರಿಗೆ ಹೋಗುತ್ತದೆ. ಡ್ರಮ್ ದಪ್ಪದ್ದೇ ಆಗಬೇಕು, ಪೈಪ್ ಕಟ್ಟಿದರೆ ತೆಳು ಡ್ರಮ್ ಒಳಕ್ಕೆ ಕುಸಿಯುತ್ತದೆ. ಪೈಪ್ ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ. ತಿರುಗಿಸಲೇಬೇಕಾದರೆ ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿ.

ಇದು ಸ್ಯಾಂಡಿಂಗ್ ಮೆಷಿನ್, ಕೈ ಕಟ್ಟರಿಗೆ ಸಾಕು. ದೊಡ್ಡ ಪ್ಲೇನರ್, ಟೇಬಲ್ ಗರಗಸಕ್ಕೆ ಸಾಲದು. ಅವಕ್ಕೆ 4 ಇಂಚಿನ ಪೈಪ್, ತುಂಬಾ ಗಾಳಿ ಎಳೆಯುವ ಡಸ್ಟ್ ಕಲೆಕ್ಟರ್ ಬೇಕು.

ವ್ಯಾಕ್ಯೂಮಿಗೆ ಹೆಪಾ ಫಿಲ್ಟರ್ ಇದ್ದರೆ ಒಳ್ಳೆಯದು. ಸಾಧಾರಣ ಚೀಲದ್ದಾದರೆ ಸಣ್ಣ ಹುಡಿಯನ್ನು ಹಿಂದಿನಿಂದ ಪುನಃ ಕೋಣೆಗೇ ಬಿಡುತ್ತದೆ. ಅಂಥದ್ದರ ಗಾಳಿಯನ್ನು ಕಿಟಕಿ, ಬಾವಿ ಇಲ್ಲದ ಕಡೆಗೆ, ನೆರೆಯವರಿಗೂ ತೊಂದರೆಯಾಗದಂತೆ ಹೊರಗೆ ಬಿಡಿ. ಫಿಲ್ಟರನ್ನು ಮನೆಯೊಳಗೆ ಕೊಡವಬೇಡಿ. ಕಬ್ಬಿಣ ಗ್ರೈಂಡ್ ಮಾಡುವಾಗ ಇದೇ ಪೈಪ್ ಇಡಲೇಬೇಡಿ, ಒಂದು ಕಿಡಿ ಸಾಕು, ಡ್ರಮ್ಮಿನ ಹುಡಿ ಹೊತ್ತಿಕೊಳ್ಳುತ್ತದೆ. ಶೆಡ್ಡಿನಲ್ಲಿ ಬೀಡಿ, ಸಿಗರೇಟ್ ಕೂಡಾ ಬೇಡ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಬದಲಿಸಿ, ಕೈಮುಖ ತೊಳೆದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ.

ಆ ಹುಡುಗನ ಉಪ್ಪ ಮೊದಲು ಅಡುಗೆ ಮನೆಯ ಆ ಕಿಟಕಿ ಮುಚ್ಚಿಸಿದರು, ಆಮೇಲೆ ಡ್ರಮ್ ಕೂರಿಸಿದರು. ಮಗನನ್ನು ಡಾಕ್ಟರಿಗೂ ತೋರಿಸಿದ್ದಾರೆ. ಕೆಮ್ಮಿಗೆ ಹುಡಿಯೊಂದೇ ಕಾರಣ ಅಂತ ನಾವೇ ತೀರ್ಮಾನಿಸಬಾರದಲ್ಲ. ಮೊನ್ನೆ ಅಂಗಳದಲ್ಲಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದರು. ಅರ್ಧ ಡ್ರಮ್ ಹುಡಿ. "ಇಷ್ಟೂ ನಮ್ಮ ಮನೆಯೊಳಗೇ ಹಾರುತ್ತಿತ್ತಲ್ಲ ಉಸ್ತಾದ್" ಅಂದರು.