ಸಾಂತ್ವನ ನೀಡುವವರಿಗೂ ಸಾಂತ್ವನ ಬೇಕು

ಗುಣವಾಗದ ಕಾಯಿಲೆಯಿಂದ ಬಳಲುವವರ ನೋವನ್ನು ತಗ್ಗಿಸಿ, ಮನೆಯವರಿಗೂ ಧೈರ್ಯ ತುಂಬುವುದೇ ಉಪಶಾಮಕ ಆರೈಕೆ. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಇದಕ್ಕೆ ದಾರಿ ತೋರಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಆದರೆ ಇಂತಹ ಸೇವೆಯಲ್ಲಿರುವ ದಾದಿಯರು, ವೈದ್ಯರನ್ನು ನೋಡಿಕೊಳ್ಳುವವರು ಯಾರು?

ಅತಿಯಾದ ಕೆಲಸದ ಒತ್ತಡದಿಂದ ಮನಸ್ಸು ಬತ್ತಿಹೋಗುವುದಕ್ಕೆ 'ಬರ್ನ್‌ಔಟ್' ಎನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದು ರೋಗವಲ್ಲ, ಕೆಲಸದ ಸ್ಥಳದ ನಿರಂತರ ಒತ್ತಡದ ಫಲ ಎಂದು ವಿವರಿಸಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಸೋರಿಹೋದ ಭಾವನೆ, ಕೆಲಸದ ಬಗ್ಗೆ ತಾತ್ಸಾರ, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಹತಾಶೆ.

ದಿನವೂ ಸಾವು ನೋಡುವುದೇ ಇದಕ್ಕೆ ಕಾರಣವೆಂದು ನಾವು ತಿಳಿಯುತ್ತೇವೆ. ಅದೊಂದೇ ಅಲ್ಲ. ಬೆಳಿಗ್ಗೆ ಖಾಲಿಯಾದ ಹಾಸಿಗೆಗೆ ಸಂಜೆ ಇನ್ನೊಬ್ಬರು ಬರುತ್ತಾರೆ. ಅಗಲಿದವರಿಗಾಗಿ ದುಃಖಿಸಲೂ ಸಮಯವಿಲ್ಲ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್" ಎಂದು ಮಕ್ಕಳು ಕೈಮುಗಿಯುತ್ತಾರೆ. ಅವರು ಅತ್ತ ಹೋದೊಡನೆ ಅಪ್ಪ ಕೇಳುತ್ತಾರೆ: "ನಿಜ ಹೇಳಿ, ನನಗೇನಾಗಿದೆ?" ಎರಡು ಕಡೆಯ ನಂಬಿಕೆಯನ್ನೂ ಹೊತ್ತು ನಿಲ್ಲುವ ದಾದಿಯ ಸಂಕಟ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಹಳ್ಳಿಗಳಲ್ಲಿ ಕಷ್ಟ ಬೇರೆ. ಕಲಘಟಗಿ ತಾಲೂಕಿನ ದುಮ್ಮವಾಡದಂತಹ ಊರಿಗೆ ರೋಗಿಯು ಹುಬ್ಬಳ್ಳಿಯ ಆಸ್ಪತ್ರೆಯಿಂದ ಮರಳಿದ ಮೇಲೆ ಮನೆಯವರು ಕೇಳುವುದು ಊರಿನ ದಾದಿಯನ್ನು ಅಥವಾ ಆಶಾ ಕಾರ್ಯಕರ್ತೆಯನ್ನು. ತೀವ್ರ ನೋವಿಗೆ ಮಾರ್ಫಿನ್ ಇದೆ. 2014ರ ಕಾನೂನು ತಿದ್ದುಪಡಿ ಅದರ ಪರವಾನಗಿಯನ್ನು ಸರಳಗೊಳಿಸಿದರೂ ಎಲ್ಲೆಡೆ ಅದು ಸುಲಭವಾಗಿ ಸಿಗುವುದಿಲ್ಲ. ಔಷಧವಿದೆಯೆಂದು ಗೊತ್ತಿದ್ದೂ ನರಳುವವರ ಮುಂದೆ ಬರಿಗೈಯಲ್ಲಿ ನಿಲ್ಲುವವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ಇದರ ಬೆಲೆ ತೆರುವವರು ಕೊನೆಗೆ ರೋಗಿಗಳೇ. ಬತ್ತಿದ ಮನಸ್ಸಿಗೆ ಮತ್ತೊಬ್ಬರ ನೋವು ಕಾಣಿಸುವುದಿಲ್ಲ.

'ಗಟ್ಟಿಯಾಗಿರು' ಎಂಬ ಉಪದೇಶ ಪರಿಹಾರವಲ್ಲ. ಸಾಕಷ್ಟು ಸಿಬ್ಬಂದಿ, ನಿಜವಾದ ರಜೆ, ಅಗಲಿದವರನ್ನು ತಂಡವೆಲ್ಲ ಕುಳಿತು ನೆನೆಯಲು ವಾರಕ್ಕೊಂದು ಗಂಟೆ, ಮಾತು ಕೇಳುವ ಹಿರಿಯರು, ಅಗತ್ಯವಿದ್ದರೆ ಆಪ್ತಸಮಾಲೋಚನೆ, ಇವು ಬೇಕು. ರೋಗಿಗೆ ನಿಜ ತಿಳಿಸುವ ಹೊಣೆಯನ್ನು ಒಬ್ಬ ದಾದಿಯ ಮೇಲೆ ಬಿಡದೆ ವೈದ್ಯರು ಕುಟುಂಬದೊಡನೆ ಕುಳಿತು ಮಾತನಾಡಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ದಾದಿಯರ ಕುಟುಂಬಗಳು ಅನೇಕ. ರೋಗಿಗಳನ್ನು ಸಂದರ್ಶಿಸುವ ನಾವು ರಾತ್ರಿಪಾಳಿ ಮುಗಿಸಿ ಬಂದವರ ಮನೆಗೂ ಒಮ್ಮೆ ಹೋಗೋಣ. ಸೇವೆಯನ್ನು ಹೊಗಳುವ ಮೊದಲು "ನೀವು ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯೋಣ.