ದಿನಚರಿ: ಮನದ ಭಾರವನ್ನಿಳಿಸುವ ಬರಹ

ಹೊಸ ವರ್ಷದಲ್ಲಿ ಯಾರೋ ಕೊಟ್ಟ ಡೈರಿ ನಮ್ಮ ಅನೇಕರ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೋ ಇಸ್ತ್ರಿ ಬಟ್ಟೆಯ ಲೆಕ್ಕಕ್ಕೋ ಮೀಸಲಾಗುತ್ತದೆ. ಆದರೆ ಸಂಸಾರದ ಹೊಣೆ ಹೊತ್ತ ಪ್ರೌಢರಲ್ಲಿಯೂ ಕೆಲವರು ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರಲ್ಲಿ ತಮ್ಮ ಮನಸ್ಸಿನ ಮಾತುಗಳನ್ನು ಬರೆದಿಡುವುದುಂಟು. ಇಂದು ಕೆಲವರು ಇದೇ ಕೆಲಸವನ್ನು ಮೊಬೈಲಿನಲ್ಲಿ ಮಾಡುತ್ತಾರೆ. ಯಾರೂ ಕೇಳದಿದ್ದರೂ ಅವರು ಬರೆಯುವುದೇಕೆ?

ಈ ಅಭ್ಯಾಸ ಹೊಸತೇನೂ ಅಲ್ಲ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಶೀಘ್ರಲಿಪಿಯಲ್ಲಿ ದಿನಚರಿ ಬರೆದನು. ಕಣ್ಣು ಹೋದೀತೆಂಬ ಭಯದಿಂದ ಮಾತ್ರ ಅದನ್ನು ನಿಲ್ಲಿಸಿದನು. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯವರು 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿಯನ್ನಿಟ್ಟರು.

ಇದರ ಆರೋಗ್ಯಫಲವನ್ನು ವಿಜ್ಞಾನವೂ ಪರೀಕ್ಷಿಸಿದೆ. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಿಸಿದರು. ಬಾಳಿನ ಕಹಿ ಘಟನೆಯನ್ನೂ ಅದು ಹುಟ್ಟಿಸಿದ ಭಾವನೆಗಳನ್ನೂ ಬರೆದವರ ಮನಸ್ಸು ಬರೆದ ಕೂಡಲೇ ಕಲಕಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ, ಕ್ಷುಲ್ಲಕ ವಿಷಯಗಳನ್ನು ಬರೆದವರಿಗಿಂತ ಅವರು ಚಿಕಿತ್ಸಾಲಯಕ್ಕೆ ಹೋದದ್ದು ಕಡಿಮೆ. ಅನಂತರದ ಅಧ್ಯಯನಗಳು ಈ ಪ್ರಯೋಜನ ಅಲ್ಪವೆಂದೂ ಎಲ್ಲರಿಗೂ ಒಂದೇ ಸಮನಲ್ಲವೆಂದೂ ತೋರಿಸಿವೆ.

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆನ್ನುತ್ತಾರೆ. ಒಳಗೇ ಉಳಿದ ಚಿಂತೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಅದನ್ನು ವಾಕ್ಯವಾಗಿಸಬೇಕಾದರೆ ಮೊದಲು ಏನಾಯಿತು, ಏಕಾಯಿತು ಎಂದು ಜೋಡಿಸಲೇಬೇಕು, ನೋವಿಗೊಂದು ಹೆಸರಿಡಲೇಬೇಕು. ಹೆಸರು ಸಿಕ್ಕ ನೋವನ್ನು ತುಸು ದೂರದಿಂದ ನೋಡುವುದು ಸಾಧ್ಯವಾಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಅಗತ್ಯ. ಊರಿನ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದ ವೃದ್ಧರಿಗೆ ಜಗುಲಿಯೂ ಇಲ್ಲ, ಜಗುಲಿಯ ಮಾತೂ ಇಲ್ಲ. ನೆರೆಯವರೊಡನೆ ಹಿಂದಿಯಲ್ಲೋ ಮರಾಠಿಯಲ್ಲೋ ಕ್ಷೇಮಸಮಾಚಾರ ಹೇಳಬಹುದು. ದುಃಖಕ್ಕೆ ಮಾತ್ರ ತಾಯ್ನುಡಿಯೇ ಬೇಕು. ಅಂಥವರಿಗೆ ಕನ್ನಡದಲ್ಲಿ ಬರೆದ ಒಂದು ಪುಟವೇ ಜಗುಲಿಯಾದೀತು.

ಕಾಗುಣಿತದ ಚಿಂತೆ ಬೇಡ. ಹದಿನೈದು ನಿಮಿಷ ಸಾಕು. ಜೊತೆಗೆ ನಿದ್ರೆ, ತಲೆನೋವು, ರಕ್ತದೊತ್ತಡಗಳನ್ನೂ ಗುರುತಿಸಿಟ್ಟರೆ ವೈದ್ಯರಿಗೆ ನೆರವಾಗುತ್ತದೆ. ಆದರೆ ಆಘಾತ ತೀರ ಹೊಸದಾಗಿದ್ದರೆ, ಅಥವಾ ಬರೆದಷ್ಟೂ ಸಂಕಟವೇ ಹೆಚ್ಚುತ್ತಿದ್ದರೆ ಲೇಖನಿಯನ್ನು ಕೆಳಗಿಡುವುದೇ ಲೇಸು. ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬಾರದು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ದಿನಚರಿ ಔಷಧಕ್ಕೆ ಬದಲಲ್ಲ, ಆಪ್ತರಿಗೂ ಬದಲಲ್ಲ. ಆದರೂ ಹಾಲಿನ ಲೆಕ್ಕವನ್ನು ತಪ್ಪದೆ ಬರೆಯುವ ನಾವು, ಅದೇ ಪುಟದ ಕೆಳಗೆ ನಮ್ಮ ಮನಸ್ಸಿನ ಲೆಕ್ಕಕ್ಕೂ ನಾಲ್ಕು ಸಾಲು ಬಿಟ್ಟುಕೊಳ್ಳಬಾರದೇಕೆ?