ಗಣಕಯಂತ್ರದ ನಿಮೇಷ

ಕಣ್ಣೆವೆಯನ್ನು ಒಮ್ಮೆ ಮುಚ್ಚಿ ತೆರೆಯುವಷ್ಟು ಕಾಲವನ್ನು ನಮ್ಮ ಪೂರ್ವಿಕರು ನಿಮೇಷವೆಂದರು. ಎವೆಯಿಕ್ಕದ ದೇವತೆಗಳಿಗೆ ಅನಿಮಿಷರೆಂದು ಹೆಸರಾಯಿತು. ಗಣಕಯಂತ್ರವಾದರೋ ಎವೆಯಿಕ್ಕತಕ್ಕದ್ದೇ. ಕೆಲಸವಿಲ್ಲದಾಗ ಅದರ ಪ್ರೊಸೆಸರು ನಿದ್ರಿಸುವುದು; ಒಳಗಿನ ಗಡಿಯಾರ ಮಿಡಿದಾಗ ಎಚ್ಚತ್ತು, ಮಾಡತಕ್ಕದ್ದೇನಾದರೂ ಉಂಟೇ ಎಂದು ನೋಡಿ, ಮತ್ತೆ ನಿದ್ರಿಸುವುದು. ಮಿಡಿತಗಳು ಹೆಚ್ಚಿದಷ್ಟೂ ನಿದ್ರೆ ಕಡಿಮೆ, ವಿದ್ಯುತ್ತಿನ ವೆಚ್ಚ ಅಧಿಕ.

ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದವರು ವಿದ್ಯುತ್ತಿನ ಮಿತವ್ಯಯವನ್ನು ಬಲ್ಲರು. ವಿಷುವತ್ಕಾಲದಲ್ಲಿ ಭೂಸ್ಥಿರ ಉಪಗ್ರಹವು ದಿನಕ್ಕೆ 72 ನಿಮಿಷಗಳವರೆಗೆ ಭೂಮಿಯ ನೆರಳಿನಲ್ಲಿದ್ದು ಬ್ಯಾಟರಿಯಿಂದಲೇ ಬದುಕಬೇಕು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಂತ್ರಾಂಶ ಬರೆಯುವವರು ಮಾತ್ರ ಇದನ್ನು ಬೇಗ ಮರೆಯುತ್ತಾರೆ.

ಸಂಗೀತ ಕಲಿಯುವವರಿಗೆ ತಾಳ ತೋರಿಸುವ ತಂತ್ರಾಂಶವೊಂದನ್ನು ಹೊಳೆನರಸೀಪುರದಲ್ಲಿ ಒಬ್ಬರು ವಿಂಡೋಸ್ ಗಣಕದಲ್ಲಿ ರಚಿಸಿದರೆಂದು ಇಟ್ಟುಕೊಳ್ಳೋಣ. ಅದು ಅರಕಲಗೂಡಿನ ಲಿನಕ್ಸ್ ಗಣಕದಲ್ಲಿಯೂ ಚನ್ನರಾಯಪಟ್ಟಣದ ವಿದ್ಯಾರ್ಥಿಯ ಆಂಡ್ರಾಯ್ಡ್ ಫೋನಿನಲ್ಲಿಯೂ ನಡೆಯಬೇಕು. ಪೆಟ್ಟಿಗೂ ಪೆಟ್ಟಿಗೂ ಅಂತರ 400 ಮಿಲಿಸೆಕೆಂಡು. ಲಿನಕ್ಸು ಸಾಮಾನ್ಯ ಕಾರ್ಯಗಳಿಗೆ ಇಟ್ಟುಕೊಂಡಿರುವ ಸಡಿಲಿಕೆ 50 ಮೈಕ್ರೋಸೆಕೆಂಡು ಮಾತ್ರ. ವಿಂಡೋಸಿನ ಸಹಜ ಮಿಡಿತವು ಸೆಕೆಂಡಿಗೆ 64, ಎಂದರೆ ಸುಮಾರು 15.6 ಮಿಲಿಸೆಕೆಂಡಿಗೊಂದು. 25 ಮಿಡಿತಗಳಿಗೆ 400 ತುಂಬದು. 26ನೆಯದಕ್ಕೆ 406 ದಾಟುವುದು. ಪ್ರತಿ ಪೆಟ್ಟಿನ ತರುವಾಯವೂ "ಇನ್ನು 400 ಕಾಯಿ" ಎಂದು ಬರೆದಿದ್ದರೆ, ಪೆಟ್ಟಿಗೆ 6.25ರಂತೆ ಜಾರಿ, 160 ಪೆಟ್ಟುಗಳಲ್ಲಿ ತಾಳವು ಒಂದು ಸೆಕೆಂಡು ಹಿಂದೆ ಬೀಳುವುದು. ಅದೇ ಬರಹ ಅರಕಲಗೂಡಿನಲ್ಲಿ ಹೆಚ್ಚುಕಡಮೆ ಸರಿಯಾಗಿಯೇ ನಡೆಯುವುದು.

ಇದಕ್ಕೆ ಅನೇಕರು ಹೂಡುವ ಉಪಾಯವೆಂದರೆ ಮಿಡಿತವನ್ನೇ ಒಂದು ಮಿಲಿಸೆಕೆಂಡಿಗೆ ಇಳಿಸಿಕೊಳ್ಳುವುದು. 64 ಇದ್ದದ್ದು 1000 ಆಗುವುದು. 2020ರ ವಿಂಡೋಸ್ 10ರ ಆವೃತ್ತಿಯೊಂದು ಈ ಕ್ರಮವನ್ನು ಬದಲಿಸುವವರೆಗೆ, ಒಂದು ತಂತ್ರಾಂಶದ ಕೋರಿಕೆಯು ಇಡೀ ಯಂತ್ರಕ್ಕೇ ಅನ್ವಯಿಸುತ್ತಿತ್ತು. ಒಬ್ಬನ ಅವಸರಕ್ಕೆ ಊರೆಲ್ಲ ಜಾಗರಣೆ!

ವಾಸ್ತವವಾಗಿ ದೋಷವಿರುವುದು ಮಿಡಿತದಲ್ಲಲ್ಲ, ಎಣಿಕೆಯಲ್ಲಿ. ಆರಂಭದ ಕಾಲವನ್ನು ಗುರುತಿಟ್ಟುಕೊಂಡು, ಹತ್ತನೆಯ ಪೆಟ್ಟು 4000ಕ್ಕೆ, ನೂರನೆಯದು 40,000ಕ್ಕೆ ಎಂದು ಮೊದಲಿನಿಂದಲೇ ಲೆಕ್ಕಹಾಕಿದರೆ, ಒಂದು ಪೆಟ್ಟಿನ ವಿಳಂಬವು ಮುಂದಿನದಕ್ಕೆ ಸೇರದು. ಪ್ರೊಸೆಸರಿನ ನಿದ್ರೆಯೂ ಕೆಡದು. ಲಿನಕ್ಸು 2007ರಲ್ಲಿ ನಿಷ್ಕ್ರಿಯ ಪ್ರೊಸೆಸರಿಗೆ ನಿಯತ ಮಿಡಿತವನ್ನು ನಿಲ್ಲಿಸಿದ್ದೂ, ಆಪಲ್ ಸಂಸ್ಥೆ 2013ರಲ್ಲಿ ಹತ್ತಿರಹತ್ತಿರದ ಎಚ್ಚರಿಕೆಗಳನ್ನು ಒಂದುಗೂಡಿಸಿದ್ದೂ ಈ ನಿದ್ರೆಯ ರಕ್ಷಣೆಗಾಗಿಯೇ.

ಕಣ್ಣಿಗೆ ತೋರುವ ತಾಳಕ್ಕೆ ಇಷ್ಟು ಸಾಕು. ಕಿವಿ ಇನ್ನೂ ಸೂಕ್ಷ್ಮ. ಧ್ವನಿಯ ಪೆಟ್ಟುಗಳನ್ನು ಮುಂಚಿತವಾಗಿಯೇ ಧ್ವನಿಯಂತ್ರಾಂಶಕ್ಕೆ ಒಪ್ಪಿಸಬೇಕು; ಅದಕ್ಕೆ ತನ್ನದೇ ಆದ ಗಡಿಯಾರವುಂಟು.